ಹಂಚು ಒಡೆದರೆ ಏನು ಮರೆಯುತ್ತದೆ: ಫ್ಯಾಂಟಸಿ ಕಥೆಯಲ್ಲಿ ನೆನಪು, ಮರೆವು ಬರೆಯುವ ಸಮಗ್ರ ಮಾರ್ಗದರ್ಶಿ

ನಾನು ಬರೆದ ಮೊದಲ ಫ್ಯಾಂಟಸಿ ಕಾದಂಬರಿಯಲ್ಲಿ ನಾಯಕ ಮಂಗಳೂರಿನ ಪಣಂಬೂರು ಬೀಚಿನಲ್ಲಿ ಕಣ್ಣು ಬಿಡುತ್ತಾನೆ. ಬಾಯಿ ತುಂಬಾ ಮರಳು. ತಾನು ಯಾರು ಅಂತ ಗೊತ್ತಿಲ್ಲ. ತೋಳಿನ ಮೇಲೆ ಒಂದು ವಿಚಿತ್ರ ಮಚ್ಚೆ. ಮುನ್ನೂರು ಪುಟ ಕಳೆದ ಮೇಲೆ ಅವನು ರಾಜಕುಮಾರ ಅಂತ ತಿಳಿಯುತ್ತದೆ. ಓದಿದ ಗೆಳೆಯ ಕಾಗದದ ಕಟ್ಟು ವಾಪಸ್ ಕೊಡುತ್ತಾ ಹೇಳಿದ: "ಅವನಿಗೆ ಏನೂ ನೆನಪಿಲ್ಲ, ಸರಿ. ನನಗೂ ಏನೂ ಗೊತ್ತಿಲ್ಲ ಮಾರಾಯ. ಹಾಗಾದ್ರೆ ಅಳುವವರು ಯಾರು?"

ಆ ಕಟ್ಟು ಈಗ ಅಟ್ಟದಲ್ಲಿದೆ. ಗೆಳೆಯನ ಪ್ರಶ್ನೆ ಮಾತ್ರ ಕೆಳಗೇ ಉಳಿಯಿತು. ಶನಿವಾರ ಸಂಜೆ ಕದ್ರಿಯಲ್ಲಿ ನಾವು ನಾಲ್ಕೈದು ಮಂದಿ ಕೂತು ಒಬ್ಬರ ಕಥೆ ಇನ್ನೊಬ್ಬರು ಓದುತ್ತೇವೆ. ಅಲ್ಲಿಗೆ ಬರುವ ಫ್ಯಾಂಟಸಿ ಕಥೆಗಳಲ್ಲಿ ಮರೆವು ಬಾರದ ಕಥೆ ಅಪರೂಪ. ಶಾಪ, ಮಂತ್ರದ ಹೊಗೆ, ಮರೆಸುವ ನೀರು, ನೆನಪು ಮಾರುವ ಅಂಗಡಿ. ಸಾಮಾನು ಚೆನ್ನಾಗಿಯೇ ಇರುತ್ತದೆ. ಅಳುವವರು ಇರುವುದಿಲ್ಲ.

ಈ ಬರಹದ ಉದ್ದಕ್ಕೂ ಒಂದು ಕಥೆಯನ್ನು ನಿಮ್ಮ ಜೊತೆಯಲ್ಲೇ ಕಟ್ಟುತ್ತಾ ಹೋಗುತ್ತೇನೆ. ಕೂಳೂರಿನ ಹತ್ತಿರ ಗುರುಪುರ ಹೊಳೆಯ ದಡದಲ್ಲಿ ಒಂದು ಹಂಚಿನ ಮನೆ. ಅಮ್ಮ ಕಲ್ಯಾಣಿ ಬೀಡಿ ಕಟ್ಟುತ್ತಾಳೆ. ಮಗಳು ವಾರಿಜ ಹನ್ನೊಂದು ವರ್ಷಕ್ಕೆ ಹೊಳೆಯಲ್ಲಿ ಮುಳುಗಿ ಹೋದಳು. ಮಗ ಸದಾನಂದ ಮುಂಬೈಯ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ಸದ್ಯಕ್ಕೆ ಇಷ್ಟೇ. ನಿಮ್ಮದೇ ಕಥೆಯೊಂದನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿದರೆ ಜಾಸ್ತಿ ಉಪಯೋಗ.

ಹೆಜ್ಜೆ 1: ಯಾವ ಥರದ ಮರೆವು ಅಂತ ಮೊದಲು ನಿರ್ಧರಿಸಿ

ಮರೆವು ಅಂದರೆ ಸ್ಲೇಟು ಒರೆಸಿದ ಹಾಗೆ ಅಂತ ನಾವು ಅಂದುಕೊಂಡಿದ್ದೇವೆ. ನಮ್ಮ ಹಳೆಯ ಕಥೆಗಳಲ್ಲಿ ಹಾಗಿಲ್ಲ. ಯಕ್ಷಗಾನ, ತಾಳಮದ್ದಳೆ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಬರೆಯಲು ಕೂತಾಗ ನಾವೇ ಮರೆಯುತ್ತೇವೆ.

ಕರ್ಣನನ್ನು ನೋಡಿ. ಅವನು ಎಲ್ಲವನ್ನೂ ಮರೆಯುವುದಿಲ್ಲ. ತನ್ನ ಹೆಸರು, ಹಗೆ, ಹಂಗು ಎಲ್ಲ ನೆನಪಿದೆ. ಕಲಿತ ಬ್ರಹ್ಮಾಸ್ತ್ರ ಮಾತ್ರ, ಅದೂ ತೀರಾ ಬೇಕಾದ ಹೊತ್ತಿನಲ್ಲಿ, ನೆನಪಿಗೆ ಬರುವುದಿಲ್ಲ. ಪರಶುರಾಮನ ಶಾಪಕ್ಕೆ ಗಡಿಯಾರ ಇದೆ. ಆ ಗಳಿಗೆ ಬರುವವರೆಗೆ ಮರೆವು ಇದೆ ಅಂತಲೇ ಗೊತ್ತಾಗುವುದಿಲ್ಲ. ಸಭೆಗೆ ಮಾತ್ರ ಗೊತ್ತಿರುತ್ತದೆ. ಅದಕ್ಕೇ ತಾಳಮದ್ದಳೆಯ ಕರ್ಣ ಜೋರಾಗಿ ಮಾತಾಡಿದಷ್ಟೂ ಕೇಳುವವರ ಹೊಟ್ಟೆಯಲ್ಲಿ ಸಂಕಟ.

ಹನುಮಂತನದ್ದು ಬೇರೆ. ಬಾಲ್ಯದ ಚೇಷ್ಟೆಗೆ ಋಷಿಗಳು ಶಾಪ ಕೊಟ್ಟರು. ಅವನ ಬಲ ಹೋಗಲಿಲ್ಲ, ಬಲ ಇದೆ ಎಂಬ ನೆನಪು ಹೋಯಿತು. ಸಮುದ್ರದ ದಡದಲ್ಲಿ ಜಾಂಬವಂತ ನೆನಪಿಸಬೇಕಾಯಿತು. ಇಲ್ಲಿ ಬೀಗದ ಕೈ ಬೇರೆಯವರ ಬಾಯಲ್ಲಿದೆ. ಒಬ್ಬನ ನೆನಪು ಇನ್ನೊಬ್ಬನ ಹತ್ತಿರ ಇರುವ ಈ ಏರ್ಪಾಡು ಫ್ಯಾಂಟಸಿ ಬರೆಯುವವರಿಗೆ ಚಿನ್ನದ ಗಣಿ.

ದುಷ್ಯಂತನ ವಿಷಯ ಇನ್ನೂ ಮಜಾ. ಕಾಳಿದಾಸನ ನಾಟಕದಲ್ಲಿ ದೂರ್ವಾಸನ ಶಾಪ ಇದೆ, ಉಂಗುರ ಇದೆ, ಮೀನಿನ ಹೊಟ್ಟೆ ಇದೆ. ರಾಜ ನಿಜಕ್ಕೂ ಮರೆತಿದ್ದಾನೆ. ಮಹಾಭಾರತದ ಆದಿಪರ್ವದಲ್ಲಿ ಇದೇ ಕಥೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿನ ರಾಜನಿಗೆ ಎಲ್ಲವೂ ನೆನಪಿದೆ. ತುಂಬಿದ ಸಭೆಯಲ್ಲಿ ನೆನಪಿಲ್ಲ ಅನ್ನುತ್ತಾನೆ. ಅಶರೀರವಾಣಿ ಆದಮೇಲೆ, ಜನ ಸಂಶಯಪಡಬಾರದು ಅಂತ ಹಾಗೆ ಮಾಡಿದೆ ಎಂದು ಸಮಜಾಯಿಷಿ ಕೊಡುತ್ತಾನೆ. ಒಂದೇ ಕಥೆ, ಒಂದರಲ್ಲಿ ಮರೆತವನು, ಇನ್ನೊಂದರಲ್ಲಿ ಮರೆತ ಹಾಗೆ ನಿಂತವನು. ಶಾಪ ಬಂದ ಕೂಡಲೇ ರಾಜನ ತಪ್ಪು ಕಮ್ಮಿಯಾಯಿತು, ನೋಡಿ. ಮರೆವು ಯಾರ ತಪ್ಪನ್ನು ಮುಚ್ಚುತ್ತಿದೆ ಅಂತ ನಿಮ್ಮ ಕಥೆಗೂ ಒಮ್ಮೆ ಕೇಳಿ.

ಇವುಗಳಲ್ಲಿ ನಿಮ್ಮದು ಯಾವುದು? ಹೊತ್ತು ನೋಡಿ ಬರುವುದೋ, ಬೇರೆಯವರು ಬಿಡಿಸಬೇಕಾದದ್ದೋ, ಹೊರಗಿನಿಂದ ಬಂದದ್ದೋ, ಬೇಕಂತಲೇ ಮರೆತದ್ದೋ? ಒಂದು ಸಾಲಿನಲ್ಲಿ ಬರೆದಿಡಿ. ನಮ್ಮ ಕಥೆಯ ಸಾಲು ಹೀಗಿದೆ: ಕಲ್ಯಾಣಿ ತನ್ನ ಮಗಳನ್ನು ತಾನೇ ಬೇಕಂತ ಮರೆತಳು. ಮೊದಲ ಕರಡಿನಲ್ಲಿ ತೆಂಗಿನಕಾಯಿ ಬಿದ್ದು ಆಕಸ್ಮಿಕವಾಗಿ ಮರೆತಿದ್ದಳು. ಕಥೆ ಕುಂಟುತ್ತಿತ್ತು. ತೆಂಗಿನಕಾಯಿಗೆ ಏನು ಕೇಳುವುದು?

ಹೆಜ್ಜೆ 2: ಮರೆವಿಗೆ ಒಂದು ಜಾಗ ಕೊಡಿ, ಆಮೇಲೆ ಲೆಕ್ಕ ಇಡಿ

ನೆನಪು ಗಾಳಿಯಲ್ಲಿ ಇದ್ದರೆ ಓದುಗನ ಕೈಗೆ ಸಿಗುವುದಿಲ್ಲ. ಅದು ಒಂದು ವಸ್ತುವಿನಲ್ಲಿ ಇರಬೇಕು. ಆ ವಸ್ತು ನಿಮ್ಮ ಊರಿನದ್ದೇ ಆದರೆ ಅರ್ಧ ಕೆಲಸ ಮುಗಿಯಿತು. ಗ್ರೀಕರಿಗೆ ಮರೆಸುವ ಹೊಳೆ ಇತ್ತು, ಲೇಥೆ ಅಂತ. ಅದರ ನೀರು ಕುಡಿದ ಸತ್ತವರಿಗೆ ಹಿಂದಿನದ್ದೆಲ್ಲ ಮರೆತುಹೋಗುತ್ತದೆ. ಅದನ್ನೇ ತಂದು ನೇತ್ರಾವತಿಗೆ ಸುರಿಯಬೇಡಿ. ನಾವು ಶನಿವಾರದವರು ಇದನ್ನೂ ಓದಿ ಆಗಿದೆ.

ನಾನು ಹಂಚು ಆರಿಸಿಕೊಂಡೆ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಹೊಳೆ ದಡಗಳಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು. ಹೊಳೆ ಬದಿಯ ಜೇಡಿ ಮಣ್ಣು, ಸುಟ್ಟ ಕೆಂಪು, ಮೈಮೇಲೆ ಕಾರ್ಖಾನೆಯ ಹೆಸರಿನ ಅಚ್ಚು. ಹಂಚಿನಲ್ಲಿ ಮೊದಲೇ ಅಕ್ಷರ ಇದೆ, ಅಲ್ವಾ? ನಾನು ಒಂದೇ ಒಂದು ಹೆಸರು ಜಾಸ್ತಿ ಸೇರಿಸಿದೆ, ಅಷ್ಟೆ. ಮನೆಯಲ್ಲಿ ಮಗು ಹುಟ್ಟಿದಾಗ ಒಂದು ಹೊಸ ಹಂಚು ಹೊದಿಸುತ್ತಾರೆ. ಆ ಹಂಚು ಒಡೆದರೆ, ಆ ಮಾಡಿನ ಅಡಿಯಲ್ಲಿ ಮಲಗುವವರೆಲ್ಲ ಆ ಮಗುವನ್ನು ಮರೆಯುತ್ತಾರೆ. ಮಗಳನ್ನು ನುಂಗಿದ ಹೊಳೆಯ ಮಣ್ಣೇ ಅವಳ ನೆನಪನ್ನು ಹಿಡಿದಿಟ್ಟಿದೆ. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ, ವಸ್ತು ಸರಿಯಾಗಿದ್ದರೆ ಇಂಥದ್ದು ತಾನಾಗಿ ಬರುತ್ತದೆ.

ಈಗ ಲೆಕ್ಕ. ಅಂಗಡಿಯ ಕಡದ ಪುಸ್ತಕದ ಹಾಗೆ ಒಂದು ಪುಟ ಗೀಟು ಹಾಕಿ. ಯಾರು ಕಳೆದುಕೊಂಡರು, ಏನು ಹೋಯಿತು, ಏನು ಉಳಿಯಿತು, ಯಾರ ಹತ್ತಿರ ಉಳಿಯಿತು, ಅದರಿಂದ ಯಾರಿಗೆ ಲಾಭ. ನಮ್ಮ ಮನೆಯ ಲೆಕ್ಕದಲ್ಲಿ ಕಳೆದುಕೊಂಡವರು ಅಮ್ಮ ಮತ್ತು ಅಪ್ಪ. ಹೋದದ್ದು ವಾರಿಜ. ಶಾಲೆಯ ಗುಂಪು ಫೋಟೋ ಗೋಡೆಯಲ್ಲೇ ಉಳಿದಿದೆ. ಮಗ ಮುಂಬೈಯಲ್ಲಿ ಬೇರೆ ಮಾಡಿನ ಅಡಿಯಲ್ಲಿ ಮಲಗುವುದರಿಂದ ಅವನಿಗೆ ಎಲ್ಲ ನೆನಪಿದೆ. ಲಾಭದ ಕಲಮಿನಲ್ಲಿ ಬರೆದದ್ದು: ಅಮ್ಮನಿಗೆ ನಿದ್ದೆ.

ಲಾಭದ ಕಲಮು ಖಾಲಿ ಇದ್ದರೆ ನಿಮ್ಮ ಮರೆವು ಬರೀ ಅಪಘಾತ. ಆ ಕಲಮಿನಲ್ಲಿ ಏನಾದರೂ ಬಂದ ಕೂಡಲೇ ಓದುಗ ಎರಡೂ ಕಡೆ ವಾಲಲು ಶುರು ಮಾಡುತ್ತಾನೆ. ಎರಡು ವರ್ಷ ಕಣ್ಣು ಮುಚ್ಚದ ಹೆಂಗಸು ಒಂದು ರಾತ್ರಿ ಅಟ್ಟ ಹತ್ತಿ, ಒನಕೆಯಿಂದ ಕೆಳಗಿನಿಂದಲೇ ಹಂಚಿಗೆ ಗುದ್ದುತ್ತಾಳೆ. ಬೈಯಲು ಯಾರಿಗೆ ಬಾಯಿ ಬರುತ್ತದೆ?

ನಿಯಮದಲ್ಲಿ ಒಂದು ಸಂದು ಇಡಲು ಮರೆಯಬೇಡಿ. ಹಂಚಿನ ಮನೆಯಲ್ಲಿ ಬೆಳಕಿಗೆ ಅಂತ ಅಲ್ಲಲ್ಲಿ ಗಾಜಿನ ಹಂಚು ಇರುತ್ತದೆ. ಅದು ಹೊಳೆಯ ಮಣ್ಣಲ್ಲ. ಹಾಗಾಗಿ ಅದು ನೆನಪು ಹಿಡಿಯುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ. ಊರಿಗೆ ಬಂದ ಸದಾನಂದ ಮನೆಯಲ್ಲಿ ಮೂರು ರಾತ್ರಿ ಮಲಗಿದರೆ ಅವನೂ ಅಕ್ಕನನ್ನು ಮರೆಯುತ್ತಾನೆ. ಅದಕ್ಕೆ ಅವನು ಗಾಜಿನ ಹಂಚಿನ ಅಡಿಯಲ್ಲಿ ಚಾಪೆ ಹಾಸುತ್ತಾನೆ. ಮುಖದ ಮೇಲೆ ಬೆಳದಿಂಗಳು, ಮೊಳಕಾಲಿನ ಕೆಳಗೆ ಕತ್ತಲೆ. ನಿದ್ದೆಯಲ್ಲಿ ಹೊರಳಬಾರದು. ಈ ಒಂದು ಸಂದಿನಿಂದ ಕಥೆಗೆ ಗಡಿಯಾರವೂ ಬಂತು, ಚಿತ್ರವೂ ಬಂತು.

ನಿಯಮ ಮೂರಕ್ಕಿಂತ ಜಾಸ್ತಿ ಬೇಡ. ನಾಲ್ಕನೆಯದು ಬೇಕು ಅನ್ನಿಸಿದರೆ ಮೊದಲ ಮೂರರಲ್ಲಿ ಏನೋ ಸರಿಯಿಲ್ಲ ಅಂತ ಅರ್ಥ.

ಹೆಜ್ಜೆ 3: ಓದುಗನಿಗೆ ಮೊದಲು ಕೊಡಿ, ಆಮೇಲೆ ಪಾತ್ರದಿಂದ ಕಿತ್ತುಕೊಳ್ಳಿ

ಗೆಳೆಯನ ಪ್ರಶ್ನೆಗೆ ಉತ್ತರ ಇಲ್ಲಿದೆ. ಅಳುವವನು ಓದುಗ. ಅದಕ್ಕೆ ಅವನಿಗೆ ನೆನಪಿರಬೇಕು. ಮರೆವಿನ ಕಥೆಯಲ್ಲಿ ನೆನಪನ್ನು ಹೊರುವ ಕೆಲಸ ಓದುಗನದ್ದು, ಪಾತ್ರದ್ದಲ್ಲ. ಪಾತ್ರ ಮರೆತದ್ದು ಓದುಗನಿಗೆ ಮರೆಯದೇ ಉಳಿದರೆ, ಆ ಎರಡರ ನಡುವಿನ ಜಾಗದಲ್ಲೇ ಕಥೆ ನಡೆಯುತ್ತದೆ. ಮೊದಲ ಸಾಲಿನಲ್ಲೇ ಎಲ್ಲ ಮರೆತ ನಾಯಕನನ್ನು ತಂದರೆ ಆ ಜಾಗ ಹುಟ್ಟುವುದೇ ಇಲ್ಲ. ನನ್ನ ಪಣಂಬೂರಿನ ರಾಜಕುಮಾರ ಸತ್ತದ್ದು ಹೀಗೆ.

ಹಾಗಾದರೆ ವಾರಿಜಳನ್ನು ಓದುಗನಿಗೆ ಎಷ್ಟು ಕೊಡಬೇಕು? ತುಂಬಾ ಬೇಡ. ಬಾಲ್ಯದ ಅಧ್ಯಾಯ, ಹುಟ್ಟಿದ ದಿನದ ಮಳೆ, ಶಾಲೆಯ ಬಹುಮಾನ ಯಾವುದೂ ಬೇಡ. ಒಂದು ವಿವರ ಸಾಕು, ಆದರೆ ಅದು ಕೆಲಸ ಮಾಡುವ ವಿವರ ಆಗಿರಬೇಕು. ಅಂದರೆ ಅವಳು ಹೋದಮೇಲೂ ಮನೆಯಲ್ಲಿ ಓಡಾಡುತ್ತಿರಬೇಕು.

ನಾನು ಕೊಟ್ಟದ್ದು ನೂಲು. ವಾರಿಜ ಶಾಲೆ ಬಿಟ್ಟು ಬಂದು ಅಮ್ಮನ ಪಕ್ಕ ಬೀಡಿಗೆ ನೂಲು ಸುತ್ತುತ್ತಿದ್ದಳು. ಅವಳ ಬೆರಳಿಗೆ ಬಲ ಸಾಲದು. ಎಲ್ಲರ ಹಾಗೆ ಸುತ್ತಿದರೆ ಬೀಡಿ ಸಡಿಲ. ಅದಕ್ಕೆ ಒಂದು ಸುತ್ತು ಜಾಸ್ತಿ ಹಾಕುತ್ತಿದ್ದಳು. ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರು ನೋಡಿದರೆ ಮಗಳ ಬೀಡಿ ಬೇರೆ ಎತ್ತಿಡುತ್ತಾರೆ ಅಂತ ಅಮ್ಮ ತಾನೂ ಎಲ್ಲ ಬೀಡಿಗೂ ಒಂದು ಸುತ್ತು ಜಾಸ್ತಿ ಹಾಕಲು ಶುರು ಮಾಡಿದಳು. ಈಗ ಯಾವುದು ತಾಯಿಯದ್ದು, ಯಾವುದು ಮಗಳದ್ದು ಅಂತ ಗೊತ್ತಾಗುವುದಿಲ್ಲ. ಎರಡನೇ ಪುಟದಲ್ಲಿ ನಾಲ್ಕು ಸಾಲು. ಅಲ್ಲಿ ಯಾರೂ ಅಳುವುದಿಲ್ಲ. ವಾರಿಜ ನೂಲು ಮುಗಿಯಿತು ಅಂತ ಗೊಣಗುತ್ತಾಳೆ, ಅಷ್ಟೆ.

ಇಂಥ ವಿವರ ಹುಡುಕಲು ಒಂದು ದಾರಿ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಈಗ ಇಲ್ಲದ ಒಬ್ಬರನ್ನು ನೆನಪು ಮಾಡಿಕೊಳ್ಳಿ. ಅವರು ಹೇಗಿದ್ದರು ಅಂತ ಬೇಡ. ಅವರಿಂದಾಗಿ ಇವತ್ತಿಗೂ ಮನೆಯಲ್ಲಿ ಏನು ಹೀಗೇ ನಡೆಯುತ್ತಿದೆ? ನಮ್ಮಲ್ಲಿ ಸಾರಿಗೆ ಬೆಲ್ಲ ಎರಡು ಸಲ ಹಾಕುತ್ತೇವೆ. ಅಜ್ಜಿಗೆ ಕೊನೆಕೊನೆಗೆ ಹಾಕಿದ್ದು ನೆನಪಿರುತ್ತಿರಲಿಲ್ಲ. ನಾವು ಆ ರುಚಿಗೇ ಹೊಂದಿಕೊಂಡೆವು. ಆಮೇಲೆ ಬೇರೆಯವರ ಮನೆಯ ಸಾರು ಸಪ್ಪೆ ಅನ್ನಿಸಿತು.

ಹೆಜ್ಜೆ 4: ತಲೆ ಮರೆತರೂ ಕೈ ಮರೆಯುವುದಿಲ್ಲ

ಇದು ಕವಿಯ ಮಾತು ಮಾತ್ರ ಅಲ್ಲ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ ಅಪಸ್ಮಾರ ನಿಲ್ಲಿಸಲು ಮೆದುಳಿನ ಶಸ್ತ್ರಚಿಕಿತ್ಸೆ ಆಯಿತು. ಅದಾದ ಮೇಲೆ ಅವರಲ್ಲಿ ಹೊಸ ನೆನಪು ನಿಲ್ಲುತ್ತಿರಲಿಲ್ಲ. ಆದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವ ಕೆಲಸ ಕೊಟ್ಟಾಗ ಅವರ ಕೈ ದಿನದಿಂದ ದಿನಕ್ಕೆ ಪಳಗಿತು. ಇದನ್ನು ಹಿಂದೆ ಮಾಡಿದ್ದೇನೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಮಾಡಲು ಬರುವುದರ ನೆನಪು ಬೇರೆ, ನಡೆದದ್ದರ ನೆನಪು ಬೇರೆ.

ಕಥೆಗಾರರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇಡ. ನಿಮ್ಮ ಮಂತ್ರ ಎಷ್ಟೇ ಗಟ್ಟಿಯಾಗಿರಲಿ, ಅದು ಹೆಸರು, ಮುಖ, ಘಟನೆಗಳನ್ನು ಕಿತ್ತುಕೊಳ್ಳಲಿ. ಕೈಯನ್ನು ಮುಟ್ಟದಿರಲಿ. ಹಂಚು ಒಡೆದ ಮೇಲೂ ಕಲ್ಯಾಣಿಯ ಬೆರಳು ಒಂದು ಸುತ್ತು ಜಾಸ್ತಿ ಹಾಕುತ್ತದೆ. ಬ್ರಾಂಚಿನಲ್ಲಿ ಕೇಳುತ್ತಾರೆ: "ಕಲ್ಯಾಣಿಯಕ್ಕ, ಇಷ್ಟು ನೂಲು ಯಾಕೆ ಹಾಳು ಮಾಡ್ತೀರಿ?" ಅವಳಿಗೆ ಉತ್ತರ ಗೊತ್ತಿಲ್ಲ. "ಅಭ್ಯಾಸ ಆಗಿದೆ" ಅನ್ನುತ್ತಾಳೆ. ಎರಡನೇ ಪುಟ ಓದಿದವನಿಗೆ ಉತ್ತರ ಗೊತ್ತು.

ಈ ಜಾಗದಲ್ಲಿ ಲೇಖಕರು ಮಾಡುವ ತಪ್ಪು ಒಂದೇ. ಆಸೆ ತಡೆಯಲಾರದೆ ವಿವರಿಸಿಬಿಡುತ್ತಾರೆ. "ಆ ಒಂದು ಸುತ್ತಿನಲ್ಲಿ ಕಳೆದುಹೋದ ಮಗಳಿದ್ದಳು" ಅಂತ ಒಂದು ಸಾಲು ಬರುತ್ತದೆ. ನಾನೂ ಬರೆದಿದ್ದೆ. ಶನಿವಾರದ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗಿ ಪೆನ್ಸಿಲಿನಿಂದ ಆ ಸಾಲಿಗೆ ಸುಮ್ನೆ ಒಂದು ಗೀಟು ಎಳೆದಳು. ಮಾತೇ ಆಡಲಿಲ್ಲ.

ಹೆಜ್ಜೆ 5: ಮರೆವನ್ನು ಕನ್ನಡದ ಕ್ರಿಯಾಪದದಲ್ಲಿ ತೋರಿಸಿ

ಇದರ ಬಗ್ಗೆ ನನಗೆ ತುಂಬಾ ಹುಚ್ಚು, ಸ್ವಲ್ಪ ಸಹಿಸಿಕೊಳ್ಳಿ. ಬೇರೆ ಭಾಷೆಯ ಫ್ಯಾಂಟಸಿ ಓದಿ ಬರೆಯಲು ಕೂತವರು ಮರೆವನ್ನು ಮಂಜು, ಹೊಗೆ, ಕತ್ತಲೆ ಅಂತ ಹೋಲಿಕೆಗಳಲ್ಲಿ ತೋರಿಸುತ್ತಾರೆ. ಕನ್ನಡಕ್ಕೆ ಹೊಗೆ ಬೇಕಾಗಿಲ್ಲ. ನಮ್ಮ ವ್ಯಾಕರಣದಲ್ಲೇ ಬೇಕಾದಷ್ಟು ಇದೆ.

"ನಾನು ಮರೆತೆ" ಅಂದರೆ ತಪ್ಪು ನನ್ನದು. "ನನಗೆ ಮರೆತುಹೋಯಿತು" ಅಂದರೆ ನಾನು ಏನೂ ಮಾಡಲಿಲ್ಲ, ಅದೇ ಹೋಯಿತು. "ಮರೆತುಬಿಟ್ಟೆ" ಅಂದಾಗ ಎರಡೂ ಇದೆ, ಜೊತೆಗೆ ಒಂದು ನಿಟ್ಟುಸಿರು. ದುಷ್ಯಂತ ಯಾವುದನ್ನು ಹೇಳುತ್ತಾನೆ ಎಂಬುದರ ಮೇಲೆ ಅವನು ಯಾವ ದುಷ್ಯಂತ ಅಂತ ಗೊತ್ತಾಗುತ್ತದೆ. ನೆನಪಿನ ಕಡೆಯೂ ಹಾಗೇ. ನೆನಪು ಬರುತ್ತದೆ, ನೆನಪಾಗುತ್ತದೆ, ನೆನಪು ಮಾಡಿಕೊಳ್ಳುತ್ತೇವೆ, ನೆನಪಿಟ್ಟುಕೊಳ್ಳುತ್ತೇವೆ. ಮೊದಲಿನ ಎರಡರಲ್ಲಿ ನೆನಪೇ ಯಜಮಾನ, ಕೊನೆಯ ಎರಡರಲ್ಲಿ ನಾವು. ಒಂದು ಪಾತ್ರ ಕಥೆಯ ಉದ್ದಕ್ಕೂ "ನೆನಪಾಯಿತು" ಅನ್ನುತ್ತಾ ಬಂದು, ಒಂದು ಕಡೆ "ನೆನಪು ಮಾಡಿಕೊಂಡೆ" ಅಂದರೆ ಅಲ್ಲಿ ಏನೋ ತಿರುಗಿತು ಅಂತ ಓದುಗನ ಕಿವಿಗೆ ಬೀಳುತ್ತದೆ.

ಆಮೇಲೆ "ಅಂತೆ". ಇಷ್ಟು ಚಿಕ್ಕ ಮಾತು ಇಷ್ಟು ದೊಡ್ಡ ಕೆಲಸ ಮಾಡುವುದು ನಮ್ಮಲ್ಲಿ ಕಮ್ಮಿ. ತಾನು ಕಂಡದ್ದಕ್ಕೆ "ಇದ್ದಳು". ಬೇರೆಯವರು ಹೇಳಿದ್ದಕ್ಕೆ "ಇದ್ದಳಂತೆ". ಸದಾನಂದ ಅಮ್ಮನಿಗೆ ಅಕ್ಕನ ವಿಷಯ ಹೇಳುತ್ತಾನೆ ಅಂದುಕೊಳ್ಳಿ. ಅಮ್ಮ ಪಕ್ಕದ ಮನೆಯವಳಿಗೆ ಅದನ್ನು ಹೇಳುವಾಗ ಹೇಗೆ ಹೇಳುತ್ತಾಳೆ? "ನನಗೊಬ್ಬಳು ಮಗಳು ಇದ್ದಳಂತೆ." ಹೆತ್ತವಳ ಬಾಯಲ್ಲಿ "ಅಂತೆ". ಈ ಒಂದು ವಾಕ್ಯಕ್ಕಾಗಿ ನಾನು ಇಡೀ ಕಥೆ ಬರೆದೆ ಅಂದರೂ ಸುಳ್ಳಲ್ಲ.

ಸರ್ವನಾಮವೂ ಹಾಗೇ ಜಾರುತ್ತದೆ. ನಮ್ಮ ಕಡೆ ಪುಟ್ಟ ಹುಡುಗಿಗೆ ಪ್ರೀತಿಯಿಂದ "ಅದು" ಅನ್ನುತ್ತಾರೆ. "ಅದು ಶಾಲೆಗೆ ಹೋಗಿದೆ." ಹಂಚು ಒಡೆದ ಮೇಲೆ ಗೋಡೆಯ ಫೋಟೋ ನೋಡಿ ಅಮ್ಮ "ಅದು ಯಾರೋ ಪಕ್ಕದ ಮನೆಯವಳು ಇರಬೇಕು" ಅನ್ನುತ್ತಾಳೆ. ಮಾತು ಅದೇ "ಅದು". ಪ್ರೀತಿ ಹೋಗಿದೆ, ಗುರುತಿಲ್ಲದ್ದು ಬಂದಿದೆ. ಇಂಥದ್ದನ್ನು ಗುರುತು ಹಾಕಿ ಬರೆಯಿರಿ, ಆದರೆ ಕಥೆಗೆ ಎರಡಕ್ಕಿಂತ ಜಾಸ್ತಿ ಬೇಡ. ಮೂರನೆಯದಕ್ಕೆ ಓದುಗ ನಿಮ್ಮ ಜಾಣತನವನ್ನು ನೋಡಲು ಶುರು ಮಾಡುತ್ತಾನೆ.

ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ ಅಂತ ಬೆಳೆದವರಿಗೆ ಇನ್ನೊಂದು ಬಾಗಿಲೂ ಇದೆ. ಮರೆವು ಒಂದು ಭಾಷೆಯಿಂದ ಮಾತ್ರ ಹೋಗಲಿ. ಕನ್ನಡದಲ್ಲಿ ಕೇಳಿದರೆ ಗೊತ್ತಿಲ್ಲ, ಮನೆಮಾತಿನಲ್ಲಿ ಕೇಳಿದರೆ ಗೊತ್ತಿದೆ. ಇದನ್ನು ನಾನಿನ್ನೂ ಬರೆದಿಲ್ಲ. ಬೇಕಾದವರು ಎತ್ತಿಕೊಳ್ಳಿ.

ಹೆಜ್ಜೆ 6: ಖಾಲಿ ಜಾಗ ಖಾಲಿ ಉಳಿಯುವುದಿಲ್ಲ

ಪಕ್ಕದ ಮನೆಯವಳು ಇರಬೇಕು ಅಂತ ಅಮ್ಮ ಅಂದಳಲ್ಲ, ಅದು ಸುಳ್ಳಲ್ಲ, ತೇಪೆ. ಮನಸ್ಸು ತೂತು ಸಹಿಸುವುದಿಲ್ಲ. 1932ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಫ್ರೆಡರಿಕ್ ಬಾರ್ಟ್‌ಲೆಟ್ ಎಂಬ ಇಂಗ್ಲಿಷ್ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ವಿವರಿಸಿದ್ದಾರೆ. ಅಮೆರಿಕದ ಮೂಲನಿವಾಸಿಗಳ ಜನಪದ ಕಥೆಯೊಂದನ್ನು ಇಂಗ್ಲೆಂಡಿನವರಿಗೆ ಓದಲು ಕೊಟ್ಟು, ಆಮೇಲೆ ಅದನ್ನು ನೆನಪಿನಿಂದ ಹೇಳಿಸಿದರು. ಆ ಜನರ ಕಿರುದೋಣಿ ಇಂಗ್ಲೆಂಡಿನವರಿಗೆ ಪರಿಚಯದ ದೋಣಿಯಾಯಿತು. ಸೀಲ್ ಬೇಟೆ ಮೀನು ಹಿಡಿಯುವುದಾಯಿತು. ಅರ್ಥವಾಗದ ಭಾಗ ಉದುರಿಹೋಯಿತು. ಸುಳ್ಳು ಹೇಳಿದವರು ಯಾರೂ ಇಲ್ಲ. ತಮ್ಮ ಊರಿನ ಸಾಮಾನಿನಿಂದ ರಿಪೇರಿ ಮಾಡಿದರು.

ಹಾಗಾಗಿ ಮರೆತ ಪಾತ್ರವನ್ನು ಪೆದ್ದಾಗಿ ನಿಲ್ಲಿಸಬೇಡಿ. "ನನಗೇನೂ ನೆನಪಿಲ್ಲ" ಅಂತ ತಲೆ ಹಿಡಿದುಕೊಳ್ಳುವ ದೃಶ್ಯ ಸಿನಿಮಾಕ್ಕಿರಲಿ. ಅವನಿಗೆ ಎಲ್ಲದಕ್ಕೂ ಉತ್ತರ ಇದೆ, ಉತ್ತರ ತಪ್ಪು, ಅಷ್ಟೆ. ಅಟ್ಟದಲ್ಲಿ ಪುಟ್ಟ ಚಪ್ಪಲಿ ಸಿಕ್ಕರೆ ಅಪ್ಪ "ಸದಾನಂದನದ್ದು" ಅನ್ನುತ್ತಾನೆ. ಅದರಲ್ಲಿ ಗುಲಾಬಿ ಹೂವಿದೆ. "ಆಗ ಅದೇ ಸಿಗ್ತಿತ್ತು" ಅನ್ನುತ್ತಾನೆ. ಓದುಗನಿಗೆ ಇಲ್ಲಿ ಸಣ್ಣ ನಗುವೂ ಬರಬೇಕು. ಮರೆವಿನ ಕಥೆಯಲ್ಲಿ ನಗು ಇರದಿದ್ದರೆ ಉಸಿರುಗಟ್ಟುತ್ತದೆ.

ಹೆಜ್ಜೆ 7: ಊರಿನ ಮರೆವು, ದೈವದ ನೆನಪು

ಒಬ್ಬರ ಮರೆವಿನಿಂದ ಊರಿನ ಮರೆವಿಗೆ ಹೋಗಬೇಕು ಅನ್ನುವವರಿಗೆ ಇಲ್ಲಿ ಸಾಮಾನು ರಾಶಿ ಇದೆ. ಕದ್ರಿ ದೇವಸ್ಥಾನದ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಕ್ರಿ.ಶ. 968ರ ಶಾಸನ ಇದೆ. ತುಳುನಾಡನ್ನು ಆಳಿದ ಆಳುಪ ವಂಶದ ರಾಜ ಕುಂದವರ್ಮ ಪ್ರತಿಷ್ಠೆ ಮಾಡಿಸಿದ್ದು. ಅದು ಬೌದ್ಧರು ಪೂಜಿಸುವ ಬೋಧಿಸತ್ವ ಅವಲೋಕಿತೇಶ್ವರ ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಜನ ಕೈಮುಗಿಯುವುದು ನಿಂತಿಲ್ಲ. ಯಾರಿಗೆ ಮುಗಿದದ್ದು ಎಂಬುದರ ಕಥೆ ಬದಲಾಗಿದೆ. ಹೆಜ್ಜೆ 4ರಲ್ಲಿ ಹೇಳಿದ್ದೂ ಇದೇ, ಕೈ ಮರೆಯುವುದಿಲ್ಲ ಅಂತ. ಇನ್ನು ಬಾರ್ಕೂರಿಗೆ ಹೋಗಿ. ಆಳುಪರ ರಾಜಧಾನಿಯಾಗಿದ್ದ ಊರು ಅಂತ ಯಾರಾದರೂ ಹೇಳದಿದ್ದರೆ ಗದ್ದೆ, ಕೆರೆ, ದೇವಸ್ಥಾನಗಳ ನಡುವೆ ನಿಮಗೆ ಗೊತ್ತೇ ಆಗುವುದಿಲ್ಲ.

ಮರೆಯದೇ ಇಟ್ಟುಕೊಂಡವರೂ ಇದ್ದಾರೆ. ತುಳುವಿನ ಪಾಡ್ದನಗಳು, ಅಂದರೆ ಕಥೆ ಹೇಳುವ ಜನಪದ ಹಾಡುಗಳು, ಬರಹಕ್ಕೆ ಬರುವ ಮೊದಲು ಬಾಯಿಂದ ಬಾಯಿಗೆ ಬಂದವು. ನೇಜಿ (ಭತ್ತದ ಸಸಿ) ನೆಡುವ ಹೆಂಗಸರು ಗದ್ದೆಯ ಕೆಸರಿನಲ್ಲಿ ಬಗ್ಗಿ ನಿಂತು ಹಾಡಿದರು. ದೈವ ಅಂದರೆ ನಮ್ಮ ಕಡೆ ಆರಾಧಿಸುವ ಭೂತ; ಅದರ ಸೇವೆಯಾದ ಕೋಲದಲ್ಲಿ ದೈವದ ಹುಟ್ಟು, ಬಂದ ದಾರಿ, ನಿಂತ ಜಾಗ ಎಲ್ಲ ಹೇಳಲಾಗುತ್ತದೆ. ಸಿರಿ ಜಾತ್ರೆಯಲ್ಲಿ ಹೆಂಗಸರು ಆವೇಶದಲ್ಲಿ ಪಾಡ್ದನದ ನಾಯಕಿ ಸಿರಿಯಾಗಿ, ಅವಳ ಕುಲದವರಾಗಿ ಮಾತಾಡುತ್ತಾರೆ. ನೆನಪು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಬರುವುದನ್ನು ಫ್ಯಾಂಟಸಿ ಬರಹಗಾರ ಕಲ್ಪಿಸಬೇಕಾಗಿಯೇ ಇಲ್ಲ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ದೈವವನ್ನು ನಿಮ್ಮ ಕಥೆಯ ಮರೆವಿನ ಯಂತ್ರ ಮಾಡಬೇಡಿ. ಪಂಜುರ್ಲಿ ದೈವ ಬಂದು ನಾಯಕನ ನೆನಪು ಅಳಿಸಿದ ಅಂತ ಬರೆದ ಕಥೆಯೊಂದು ನಮ್ಮ ಗುಂಪಿಗೆ ಬಂದಿತ್ತು. ಅದು ಜೀವಂತ ಆರಾಧನೆ. ಕೋಲ ಕಟ್ಟುವವರು, ನಂಬುವವರು ನಿಮ್ಮ ಬೀದಿಯಲ್ಲೇ ಇದ್ದಾರೆ. ಭಕ್ತಿಯ ಮಾತು ಬಿಡಿ, ಕಥೆಯಾಗಿಯೂ ಅದು ಸೋಮಾರಿತನ. ನಿಜವಾದ ದೈವಕ್ಕೆ ತನ್ನದೇ ಪಾಡ್ದನ ಇದೆ. ನಿಮ್ಮ ನಿಯಮ ಅದಕ್ಕೆ ಅಂಟುವುದಿಲ್ಲ. ಹಂಚು, ಒನಕೆ, ಗಾಜು ಇಂಥವು ನಿಮ್ಮ ಮಾತು ಕೇಳುತ್ತವೆ.

ಕ್ಯಾಲೆಂಡರನ್ನು ಮಾತ್ರ ಧೈರ್ಯವಾಗಿ ಬಳಸಿ. ನಾನು ಸದಾನಂದನನ್ನು ಆಟಿ ತಿಂಗಳಿನಲ್ಲಿ ಊರಿಗೆ ತಂದೆ. ಜೋರು ಮಳೆ, ಒಡೆದ ಹಂಚಿನ ಜಾಗದಲ್ಲಿ ಟಾರ್ಪಾಲು, ಅದರ ಕೆಳಗೆ ಪಾತ್ರೆ. ಸತ್ತವರಿಗೆ ಬಡಿಸುವ ತಿಂಗಳು ಬೇರೆ. ಮನೆಯಲ್ಲಿ ಯಾರ ಯಾರ ಹೆಸರಿನಲ್ಲಿ ಎಲೆ ಹಾಕಬೇಕು ಅಂತ ಅಪ್ಪ ಬೆರಳು ಮಡಚಿ ಎಣಿಸುತ್ತಾನೆ. ಒಂದು ಬೆರಳು ಮಡಚದೆ ಉಳಿಯುತ್ತದೆ. ಮಗ ಅದನ್ನೇ ನೋಡುತ್ತಾ ಕೂರುತ್ತಾನೆ.

ಹೆಜ್ಜೆ 8: ನೆನಪು ಮರಳಿ ಬಂದರೆ ಸುಂಕ ವಸೂಲು ಮಾಡಿ

ಉಂಗುರ ಸಿಕ್ಕ ಮೇಲೆ ಕಾಳಿದಾಸನ ದುಷ್ಯಂತನ ಗತಿ ನೋಡಿ. ಮರೆತಿದ್ದಾಗ ಅವನು ಆರಾಮಾಗಿದ್ದ. ನೆನಪು ಬಂದದ್ದೇ ಶಿಕ್ಷೆ. ಶಕುಂತಲೆ ಹೋಗಿ ಆಗಿದೆ, ತಾನು ಆಡಿದ ಮಾತೂ ಈಗ ನೆನಪಿದೆ. ವಸಂತೋತ್ಸವ ಬೇಡ ಅನ್ನುತ್ತಾನೆ, ಅವಳ ಚಿತ್ರ ಬರೆದುಕೊಂಡು ಕೂರುತ್ತಾನೆ. ಮರಳಿ ಬರುವ ನೆನಪು ಹಿಂದಿನದ್ದನ್ನು ಮಾತ್ರ ತರುವುದಿಲ್ಲ. ಮರೆತಿದ್ದ ಕಾಲದಲ್ಲಿ ಮಾಡಿದ್ದನ್ನೂ ಎದುರಿಗೆ ಇಡುತ್ತದೆ.

ಹಾಗಾಗಿ ಕೊನೆಯಲ್ಲಿ ಮಂತ್ರ ಬಿಡಿಸಿ, ಎಲ್ಲರೂ ಅಪ್ಪಿಕೊಂಡು ಮುಗಿಸುವುದಾದರೆ ಬರೆಯಬೇಡಿ. ಮರಳಿ ಕೊಡುವಾಗ ಪೂರ್ತಿ ಕೊಡಬೇಡಿ. ಬೇರೆ ಯಾರೋ ಅದಕ್ಕೆ ಬೆಲೆ ಕೊಡಲಿ.

ನಮ್ಮ ಕಥೆಗೆ ನಾನು ಮೂರು ಕೊನೆ ಬರೆದೆ. ಮೊದಲನೆಯದರಲ್ಲಿ ಸದಾನಂದ ಹೊಳೆಯ ಮಣ್ಣಿನಿಂದ ಹೊಸ ಹಂಚು ಮಾಡಿಸಿ ಹೊದಿಸುತ್ತಾನೆ, ಅಮ್ಮ ಕೂಗಿ ಏಳುತ್ತಾಳೆ. ನಿಯಮದ ಪ್ರಕಾರ ಸರಿ, ಆದರೆ ಮಗ ಅಮ್ಮನಿಗೆ ಎರಡನೇ ಸಲ ಸಾವಿನ ಸುದ್ದಿ ತಂದ ಹಾಗಾಯಿತು. ಅದನ್ನು ಅವನು ಹೇಗೆ ಹೊರುತ್ತಾನೆ ಅಂತ ಬರೆಯಲು ಇನ್ನೊಂದು ಕಥೆಯೇ ಬೇಕು. ಎರಡನೆಯದರಲ್ಲಿ ಅವನು ಮೂರನೇ ರಾತ್ರಿ ಬೇಕಂತಲೇ ಗಾಜಿನ ಹಂಚಿನ ಅಡಿಯಿಂದ ಚಾಪೆ ಎಳೆದುಕೊಳ್ಳುತ್ತಾನೆ. ಓದಿದವರಿಗೆ ಇಷ್ಟವಾಯಿತು. ನನಗೆ ಆಗಲಿಲ್ಲ. ಅಷ್ಟು ಸುಲಭವಾಗಿ ಅವನನ್ನು ಬಿಡಲು ಮನಸ್ಸು ಬರಲಿಲ್ಲ. ಮೂರನೆಯದನ್ನು ಆಮೇಲೆ ಹೇಳುತ್ತೇನೆ.

ಹೆಜ್ಜೆ 9: ತಿದ್ದುವಾಗ

ಇದು ಬೇಗ ಮುಗಿಯುವ ಕೆಲಸ. ಕರಡನ್ನು ಪ್ರಿಂಟ್ ತೆಗೆಯಿರಿ, ಮೊಬೈಲಿನಲ್ಲಿ ಆಗುವುದಿಲ್ಲ. ಮರೆತುಹೋಗಲಿರುವ ಪ್ರತಿಯೊಂದಕ್ಕೂ ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಿ. ಅದು ಕಥೆಯಲ್ಲಿ ಮೊದಲು ಬಂದ ಜಾಗಕ್ಕೆ ನೀಲಿ ಗೀಟು. ಕೆಂಪು ಇದ್ದು ನೀಲಿ ಇಲ್ಲದಿದ್ದರೆ ನೀವು ಓದುಗನಿಗೆ ಕೊಡದದ್ದನ್ನು ಕಿತ್ತುಕೊಂಡಿದ್ದೀರಿ. ನೀಲಿ ಇದ್ದು ಕೆಂಪು ಇಲ್ಲದಿದ್ದರೆ ಸುಮ್ನೆ ತೂಕ, ತೆಗೆಯಿರಿ.

ಮರೆವಿನ ವೇಗವನ್ನೂ ನೋಡಿ. ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ ತನ್ನ ಮೇಲೇ ಪ್ರಯೋಗ ಮಾಡಿಕೊಂಡ. 1885ರಲ್ಲಿ ಪ್ರಕಟಿಸಿದ. ಮೊದಲ ಕೆಲವು ಗಂಟೆಗಳಲ್ಲಿ ನೆನಪು ಧಡಧಡ ಇಳಿಯುತ್ತದೆ, ಆಮೇಲೆ ನಿಧಾನ. ನಿಮ್ಮ ಮಂತ್ರ ನೆನಪನ್ನು ಮೆಲ್ಲಮೆಲ್ಲನೆ ತಿನ್ನುವುದಾದರೆ ಈ ಓಟ ಅನುಸರಿಸಿ. ಮೊದಲ ರಾತ್ರಿಯೇ ಸದಾನಂದನಿಗೆ ಅಕ್ಕನ ದನಿ ಹೋಗುತ್ತದೆ. ಎರಡನೇ ರಾತ್ರಿ ಮುಖದ ಅರ್ಧ. ಕೊನೆಗೆ ಚೂರು ಚೂರೇ ಉಳಿದದ್ದು ಹೋಗಲು ತುಂಬಾ ಹೊತ್ತು ಹಿಡಿಯುತ್ತದೆ. ಓದುಗ ಜಾಸ್ತಿ ಹಿಂಸೆ ಪಡುವುದು ಅಲ್ಲೇ.

ಕೊನೆಗೆ ಕಥೆಯನ್ನು ಒಬ್ಬರಿಗೆ ಓದಲು ಕೊಡಿ. ಒಂದು ವಾರ ಬಿಟ್ಟು ಅವರ ಹತ್ತಿರ ಕಥೆ ಹೇಳಿಸಿ. ಪುಸ್ತಕ ತೆರೆಯಲು ಬಿಡಬೇಡಿ. ಅವರು ಮರೆತದ್ದು ಬಹುಪಾಲು ನೀವು ತೆಗೆಯಬಹುದಾದದ್ದು. ಅವರು ಸೇರಿಸಿದ್ದು ಇನ್ನೂ ಒಳ್ಳೆಯದು. ನನ್ನ ಓದುಗರೊಬ್ಬರು ಕಲ್ಯಾಣಿ ನೂಲು ಸುತ್ತುವಾಗ ಗುನುಗುತ್ತಾಳೆ ಅಂದರು. ನಾ ಬರೆದಿರಲಿಲ್ಲ. ಮುಂದಿನ ಕರಡಿನಲ್ಲಿ ಸೇರಿಸಿದೆ.

ಮೂರನೇ ಕೊನೆ ಹೀಗಿದೆ. ಸದಾನಂದ ಮುಂಬೈಗೆ ಹೊರಡುವ ಬೆಳಗ್ಗೆ. ಮಳೆ ಸ್ವಲ್ಪ ನಿಂತಿದೆ. ಬಸ್ಸಿಗೆ ಇನ್ನೂ ಹೊತ್ತಿದೆ. ಅವನು ಅಮ್ಮನ ಎದುರು ಕೂತು ಒಂದು ಬೀಡಿ ಎತ್ತಿಕೊಳ್ಳುತ್ತಾನೆ. ಕೆಲಸ ಬಿಟ್ಟು ವರ್ಷಗಳಾದ ಬೆರಳು. ನೂಲು ಸುತ್ತುತ್ತಾನೆ. ಅಮ್ಮ ಗುನುಗುವುದನ್ನು ನಿಲ್ಲಿಸಿ ಅವನ ಕೈ ನೋಡುತ್ತಾಳೆ.

"ಒಂದು ಸುತ್ತು ಕಮ್ಮಿ ಆಯ್ತು" ಅನ್ನುತ್ತಾಳೆ.

"ಎಲ್ಲರೂ ಇಷ್ಟೇ ಹಾಕುವುದಲ್ವಾ ಅಮ್ಮ?"

"ಹೌದು," ಅನ್ನುತ್ತಾಳೆ. ಅವನ ಕೈಯಿಂದ ಬೀಡಿ ತೆಗೆದುಕೊಂಡು ಒಂದು ಸುತ್ತು ಹಾಕಿ ಕಟ್ಟಿನೊಳಗೆ ಇಡುತ್ತಾಳೆ. "ಬೇರೆ ಕಾಣ್ತದೆ ಮತ್ತೆ."